ಗುಗ್ಗಿ

ಮೂರು ದಿನ ಫಕೀರವ್ವ ಜಗಳಾ ಮಾಡಲಿಲ್ಲ.
ಸುಧಾರಿಸಿದಳು ಅಂದ್ಕೊಂಡೆ.
ಎರಡನೇ ದಿನ ಕದಂಬ ಬಸ್ಸು
ಹಾರನ್ ಹಾಕದ ಬೆನ್ನಿಗೆ ಬಂದು ನಿಂತಿತು,
ಡ್ರೈವರನ ಬಾಯಿ ಮಾತ್ರ ತೆರೆದು ಮುಚ್ಚಿ.
ಅಂವಾನೂ ಒಳ್ಳೆ ಮನಷ್ಯಾ ಆಗ್ಯಾನ ಅಂದ್ಕೊಂಡೆ.
ಮೂರನೇ ದಿನಕ್ಕ ಮಶೀನು ಸತ್ತೈತಿ ಅಂತ ಖಾತ್ರಿ.
ಶೆಲ್ ಬದಲಿಸಿದೆ. ಮತ್ತ ಬದಲಿಸಿದೆ.
ಟೇಬಲ್ಲಿಗೆ ಮೆಲ್ಲಗ ಕುಟ್ಟಿದೆ;
ನಮ್ಮ ಯಾರ್ಡಿನಾಗ ಎಲ್ಲಾ ರಿಪೇರಿ ಹಂಗ ಸುರು ಆಗತಿತ್ತು.

ಚಿಕಲಿಂ ಯಾರ್ಡಿನಾಗ ಇಪ್ಪತ್ತೊಂಬತ್ತು ವರ್ಷ
ಬಾರ್ಜಿನ ಹೊಟ್ಟಿಯೊಳಗ ಕುಂತು ತುಕ್ಕು ಕೆತ್ತೀನಿ.
ಹೊಟ್ಟಿ ಅಂದ್ರ ಹೊಟ್ಟೀನ: ಖಾಲಿ, ಕತ್ತಲ, ಕಬ್ಬಿಣದ್ದು.
ಒಂದು ಏಟು ಹಾಕಿದ್ರ ಹತ್ತು ಏಟು ತಿರುಗಿ ಬರತಾವು.
ಹನ್ನೆರಡು ಮಂದಿ, ಹನ್ನೆರಡು ಸುತ್ತಿಗಿ.
ಮೇಸ್ತ್ರಿ ಕೊಟ್ಟ ಹತ್ತಿ ಕಿವ್ಯಾಗ ತುರಕೊಂಡ್ರ
ಸಂಜಿಗೆ ಅದು ಅದುರಿನ ಬಣ್ಣ.
ಕಿವಿ ಒಮ್ಮೆಗೇ ಹೋಗಲಿಲ್ಲ.
ಮೊದಲು ಗುಬ್ಬಿ ಹೋದವು,
ಆಮ್ಯಾಲ ಕುಕ್ಕರಿನ ಸೀಟಿ,
ಆಮ್ಯಾಲ ಮಾತಿನ ಒಳಗಿನ ಸಣ್ಣ ಸಣ್ಣ ಅಕ್ಷರ.
ಮೊಮ್ಮಗಳು ಸ್ಫೂರ್ತಿ ನನ್ನ ಪಾಲಿಗೆ ಊರ್ತಿ ಆದಳು.

ವಾಸ್ಕೋ ಮಾರ್ಕೆಟ್ಟಿನ ಹಿಂದ ಕಿವಿ ದವಾಖಾನಿ.
ಅಲ್ಲಿಯ ಹುಡುಗಿ, ಲೂರ್ದಿನಾ ಅಂತ,
ಮಶೀನಿನ ಮೂತಿ ದೀಪಕ್ಕ ಹಿಡಿದು ಏನೋ ಅಂದಳು.
"ಮಳ" ಅಂದಂಗಾತು.
ಮಳಿ?
ಕಿಡಕಿ ಕಡೆ ಹೊಳ್ಳಿ ನೋಡಿದೆ.
ಮಾರ್ಚಿನ ಬಿಸಿಲು, ಅಂಥಾ ಬಿಸಿಲು,
ಎದುರಿನ ಗ್ಯಾಲರಿ ಮ್ಯಾಲ ಯಾರದೋ ಮೀನ ಒಣಗಾಕ ಹತ್ತಿದ್ದವು.
ಅಕಿ ನಕ್ಕು, ಸೂಜಿಯಂಥಾ ಕೊಂಡೀಲೆ
ತೂತಿನೊಳಗಿಂದ ಒಂದು ಕಾಳು ತಗದು
ಕಾಗದದ ಮ್ಯಾಲ ಇಟ್ಟಳು.
ಸಾಸವಿಗಿಂತ ಸಣ್ಣದು, ಬೆಲ್ಲದ ಬಣ್ಣ.
ಅಕಿ ಕೊಂಕಣಿಯೊಳಗ ಮಳ, ನಮ್ಮ ಬಾಯಾಗ ಗುಗ್ಗಿ.
ಇಷ್ಟ ಇಷ್ಟು ಕಾಳು
ಒಂದು ಹೆಂಗಸಿನ ಮೂರು ದಿನದ ಬೈಗುಳ ತಡದಿತ್ತು.

ಬಾಯಿ ಅಗಲ ಮಾಡಿ, ಅರ್ಧ ಹಿಂದಿಯೊಳಗ ತಿಳಿಸಿದಳು:
ಕಿವಿಗೆ ಮಶೀನು ಅಂದ್ರ ಗೊತ್ತಿಲ್ಲ.
ಒಳಗ ಏನೋ ಹೊಕ್ಕೈತಿ, ಹುಳಾನ ಇರಬೇಕು ಅಂತ
ಗುಗ್ಗಿ ಸುರಿಸತೈತಿ, ಹೊರಗ ದಬ್ಬಾಕ.
ದಬ್ಬಿದ್ದು ಹೊರಗ ಹೋಗಾಕ ಮಶೀನೇ ಅಡ್ಡ.
ಜನ್ಮದಾಗ ಮೊದಲನೇ ಸಲ
ನನಗ ನನ್ನ ಕಿವಿ ಮ್ಯಾಲ ಅಕ್ಕರತಿ ಬಂತು.
ಇಷ್ಟು ವರ್ಷ ಸುತ್ತಿಗಿ ತಿಂದು
ಇನ್ನೂ ಬಾಗಿಲಾ ಕಾಯಾಕ ಹತ್ತೈತಿ, ಪಾಪ.
ಒಳಗ ಕಾಯೂವಂಥಾದ್ದು ಏನೂ ಉಳಿದಿಲ್ಲ ಅಂತ
ಯಾರೂ ಅದಕ್ಕ ಹೇಳಿಲ್ಲ.

ಇನ್ನ ಮ್ಯಾಲ ಕಡ್ಡಿ ಹಾಕಬ್ಯಾಡ, ಕೀಲಿ ಹಾಕಬ್ಯಾಡ,
ಹೆಂಡತಿ ಬಳಿಯೊಳಗ ನೇತಾಡೋ ಪಿನ್ನಂತೂ ಬ್ಯಾಡೇ ಬ್ಯಾಡ.
ಪಿನ್ನಿನ ಸುದ್ದಿ ಹೆಂಗ ಗೊತ್ತಾತೋ ಅಕಿಗೆ!
ನಮ್ಮಿಬ್ಬರ ಐತವಾರದ ಸುಖ ಅದು:
ಫಕೀರವ್ವನ ತೊಡಿ ಮ್ಯಾಲ ನನ್ನ ತಲಿ,
ಹೊಸ್ತಿಲದ ಬೆಳಕು, ಅಳ್ಳಾಡಬ್ಯಾಡ್ರಿ ಅನ್ನೋ ಬೆರಳು.
ಆರು ದಿನ ತುಕ್ಕು ಕೆತ್ತಿದಾಂವಗ
ಏಳನೇ ದಿನ ಯಾರೋ ಅವನ ತುಕ್ಕು ಕೆತ್ತಿದಂಗ.

ಈಗ ಪಿನ್ನಿಲ್ಲ.
ರಾತ್ರಿ ಎರಡು ಹನಿ ಔಷಧ, ಮಗ್ಗಲಾಗಿ ಮಲಗಿ ಐದು ನಿಮಿಷ;
ಚುಮುಚುಮು ಅಂತೈತಿ, ಸೋಡಾ ಉಕ್ಕಿದಂಗ.
ಮಶೀನು ಫಕೀರವ್ವನ ಕೈಯಾಗ ಕೊಡತೀನಿ.
ಅಕಿ ಚಾಳಿಸ ಏರಿಸಿ, ಹಳೇ ಕ್ಯಾಲೆಂಡರಿನ ಹಾಳಿ ಹಾಸಿ,
ಊರ್ತಿ ಬಿಟ್ಟುಹೋದ ಬ್ರಷ್ಷಿಲೆ ತಿಕ್ಕತಾಳ,
ಮೂತಿ ಕೆಳಗ ಮಾಡಿ; ಉದುರಿದ್ದು ಒಳಗ ಬೀಳಬಾರದು ನೋಡ್ರಿ.
ಮುಷ್ಟಿಯೊಳಗ ಹಿಡಿದ್ರ ಅದು ಕುಂಯ್ ಅಂತ ಸೀಟಿ ಹೊಡೀತೈತಂತ.
ನನಗ ಅದೂ ಕೇಳಾಂಗಿಲ್ಲ.
ಅಕಿ ಅಂಗೈ ಬಾಯಿ ಹತ್ರ ಒಯ್ಯೋದು ಕಾಣತೈತಿ,
ತುಟಿ ಅಳ್ಳಾಡೋದು ಕಾಣತೈತಿ,
ಬೈದಂಗೂ ಇಲ್ಲ, ನಕ್ಕಂಗೂ ಇಲ್ಲ,
ಭಾಳ ಹೊತ್ತು.

ಮುಂಜಾನೆ ಹಾಕ್ಕೊಂಡ ಕೂಡಲೇ
ಸ್ಟೋವು, ಕಾಗಿ, ಬಂದರಿನ ಭೋಂಗಾ, ಎಲ್ಲಾ ಒಮ್ಮೆಲೇ ನುಗ್ಗಿದವು.
"ನಿನ್ನೆ ರಾತ್ರಿ ಏನಂದಿ?" ಕೇಳಿದೆ.
ಚಾ ಸೋಸಾಕತ್ತಿದ್ದಳು, ತಿರುಗಲಿಲ್ಲ.
"ನಿಮಗಲ್ಲ. ಮಶೀನಿಗೆ."